ರವಾ ಇಡ್ಲಿ, ಫಿಲ್ಟರ್ ಕಾಫಿ ಮತ್ತು ಮುಚ್ಚಿದ ಬಂದರು: ಜಗತ್ತಿನ ವ್ಯಾಪಾರ ನಿಧಾನವಾದಾಗ ಏನಾಗುತ್ತೆ?

ಇವತ್ತಿನ ಸಂಚಿಕೆಯನ್ನು ಒಂದು ಹೋಟೆಲ್ ಬಿಲ್‌ನಿಂದ ಶುರು ಮಾಡೋಣ. ಒಂದು ಪ್ಲೇಟ್ ರವಾ ಇಡ್ಲಿ, ಒಂದು ಫಿಲ್ಟರ್ ಕಾಫಿ. ಬೆಂಗಳೂರಿನಲ್ಲಿ ಯಾವ ದರ್ಶಿನಿಗೆ ಹೋದರೂ ಸಿಗುವ ತಿಂಡಿ. ಇದಕ್ಕಿಂತ ಲೋಕಲ್ ಇನ್ನೇನಿದೆ ಅನ್ನಿಸುತ್ತೆ, ಅಲ್ವಾ?

ಆದರೆ ಈ ಬಿಲ್‌ನಲ್ಲಿರೋ ಎರಡೂ ಐಟಂಗಳ ಹಿಂದೆ ಯುದ್ಧ ಇದೆ, ಮುಚ್ಚಿದ ಬಂದರುಗಳಿವೆ, ಬರದೇ ಹೋದ ಹಡಗುಗಳಿವೆ. ಜಗತ್ತಿನ ವ್ಯಾಪಾರ ನಿಂತಾಗ, ನಿಧಾನವಾದಾಗ ಜನ ಹೇಗೋ ಮಾಡಿಕೊಂಡ ಹೊಂದಾಣಿಕೆಗಳೇ ಇವತ್ತು ನಮ್ಮ ತಟ್ಟೆ, ಲೋಟದಲ್ಲಿ ಕೂತಿವೆ.

ಈ ಕಥೆ ಈಗ ಯಾಕೆ? ಕೆಲವು ವರ್ಷಗಳಿಂದ ಅರ್ಥಶಾಸ್ತ್ರದವರು ಒಂದು ಪದ ಬಳಸ್ತಿದ್ದಾರೆ: ಸ್ಲೋಬಲೈಸೇಶನ್. ಅಂದ್ರೆ ಜಾಗತೀಕರಣದ ಗಾಡಿ ನಿಂತಿಲ್ಲ, ವೇಗ ತಗ್ಗಿದೆ. 2019ರ ಆರಂಭದಲ್ಲಿ ‘ದಿ ಎಕನಾಮಿಸ್ಟ್’ ಪತ್ರಿಕೆ ಈ ಪದವನ್ನು ಮುಖಪುಟಕ್ಕೇ ತಂದಿತು. ಜಗತ್ತಿನ ಒಟ್ಟು ಉತ್ಪನ್ನಕ್ಕೆ ಹೋಲಿಸಿದರೆ ವ್ಯಾಪಾರದ ಪ್ರಮಾಣ 1970ರಲ್ಲಿ ಸುಮಾರು ಶೇ 25 ಇತ್ತು. 2008ರ ಹೊತ್ತಿಗೆ ಅದು ಶೇ 60ರ ಆಸುಪಾಸಿಗೆ ಬಂತು. ಆಮೇಲೆ ಒಮ್ಮೆ ಇಳಿಯುತ್ತೆ, ಒಮ್ಮೆ ಏರುತ್ತೆ, ಆದರೆ ಮೊದಲಿನ ಹಾಗೆ ಮೇಲಕ್ಕೆ ಹೋಗ್ತಾ ಇಲ್ಲ.

ಇದು ಟಿವಿ ಚರ್ಚೆಯ ವಿಷಯ, ನಮಗೇನು ಸಂಬಂಧ ಅಂತ ಬಿಟ್ಟುಬಿಡಬಹುದು. ಆದರೆ ಹಿಂದೆ ಹೀಗಾದಾಗ ಏನಾಯ್ತು ಅಂತ ನೋಡಿದರೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತೆ. ಬಾಗಿಲು ಮುಚ್ಚಿದಾಗ ಎಲ್ಲರಿಗೂ ಒಂದೇ ಥರ ಪೆಟ್ಟು ಬೀಳೋದಿಲ್ಲ. ಕೈಯಲ್ಲಿ ಸ್ವಲ್ಪ ದುಡ್ಡು, ಬೆನ್ನಿಗೊಂದು ಸಂಸ್ಥೆ ಇದ್ದವರು ಹೊಸ ದಾರಿ ಹುಡುಕಿಕೊಳ್ತಾರೆ. ಎರಡೂ ಇಲ್ಲದವರು ಬೆಲೆ ತೆರುತ್ತಾರೆ.

ಲೋಟದೊಳಗಿನ ನೆಪೋಲಿಯನ್

ಮೊದಲು ಕಾಫಿ ಲೋಟ. ನಮ್ಮ ಕಾಫಿಪುಡಿ ಅಂಗಡಿಯಲ್ಲಿ ಕೇಳುವ ಪ್ರಶ್ನೆ ನಿಮಗೆ ಗೊತ್ತಿರುತ್ತೆ: ‘ಚಿಕೋರಿ ಎಷ್ಟು ಹಾಕ್ಲಿ?’

ಚಿಕೋರಿ ಕಾಫಿಯೇ ಅಲ್ಲ. ಅದೊಂದು ಗಿಡದ ಬೇರು. ಒಣಗಿಸಿ, ಹುರಿದು, ಪುಡಿ ಮಾಡಿದರೆ ಕಾಫಿಯಂಥ ಬಣ್ಣ, ಕಹಿ ಬರುತ್ತೆ. ಯುರೋಪಿನ ಕೆಲವು ಕಡೆ ಇದನ್ನು ಮೊದಲೇ ಬಳಸ್ತಿದ್ದರು. ಆದರೆ ಫ್ರಾನ್ಸ್‌ನ ಮನೆಮನೆಗೆ ಅದನ್ನು ತಲುಪಿಸಿದ್ದು ಒಂದು ವ್ಯಾಪಾರ ಯುದ್ಧ. 1806ರಲ್ಲಿ ನೆಪೋಲಿಯನ್ ಒಂದು ಆದೇಶ ಹೊರಡಿಸಿದ. ತನ್ನ ಹಿಡಿತದಲ್ಲಿರುವ ಯುರೋಪಿನ ಯಾವ ಬಂದರಿಗೂ ಬ್ರಿಟನ್ನಿನ ಸರಕು ಬರುವಂತಿಲ್ಲ ಅಂತ. ಬ್ರಿಟನ್ ಸುಮ್ಮನಿರಲಿಲ್ಲ. ಸಮುದ್ರ ಅದರ ನೌಕಾಪಡೆಯ ಕೈಯಲ್ಲಿತ್ತು. ದೂರದ ವಸಾಹತುಗಳಿಂದ ಬರ್ತಿದ್ದ ಸಕ್ಕರೆ, ಕಾಫಿ ಎರಡಕ್ಕೂ ತತ್ವಾರ ಆಯ್ತು. ಆಗ ಫ್ರೆಂಚರು ಸಕ್ಕರೆಗೆ ಬೀಟ್‌ರೂಟ್ ಜಾತಿಯ ಗೆಡ್ಡೆಯ ಮೊರೆ ಹೋದರು, ಕಾಫಿಗೆ ಚಿಕೋರಿಯನ್ನು ಬೆರೆಸಿದರು.

ಯುದ್ಧ ಮುಗೀತು, ಬಂದರು ತೆರೆಯಿತು, ಕಾಫಿ ವಾಪಸ್ ಬಂತು. ಆದರೆ ಚಿಕೋರಿ ಹೋಗಲಿಲ್ಲ. ನಾಲಿಗೆ ಅಷ್ಟರಲ್ಲಿ ಆ ರುಚಿಗೆ ಒಗ್ಗಿತ್ತು, ಜೇಬಿಗೂ ಅದು ಹಗುರ. ಮುಂದೆ ಯುರೋಪಿಯನ್ನರ ಜೊತೆ ಆ ಅಭ್ಯಾಸ ನಮ್ಮ ಕಡೆಗೂ ಬಂತು. ಇವತ್ತು ‘ಎಂಬತ್ತು–ಇಪ್ಪತ್ತು ಹಾಕಿ’ ಅಂತ ನಾವು ಅಂಗಡಿಯಲ್ಲಿ ಹೇಳುವಾಗ, ಇನ್ನೂರು ವರ್ಷದ ಹಿಂದಿನ ಆ ಅಭಾವದ ಒಂದು ತುಣುಕನ್ನು ಮನೆಗೆ ತರ್ತಿರ್ತೀವಿ.

ಕೊಳ್ಳುವವರಿಲ್ಲದ ಕಾಫಿ

ಅಲ್ಲಿಂದ ನೂರು ವರ್ಷ ಮುಂದೆ ಬನ್ನಿ. 1869ರಲ್ಲಿ ಸೂಯೆಜ್ ಕಾಲುವೆ ತೆರೆದಿತ್ತು. ಹಬೆ ಹಡಗು, ತಂತಿ ಸಂದೇಶ, ರೈಲು, ಎಲ್ಲ ಸೇರಿ ಜಗತ್ತನ್ನು ಹತ್ತಿರ ತಂದಿದ್ದವು. ಕೊಡಗು, ಚಿಕ್ಕಮಗಳೂರಿನ ಕಾಫಿ ಲಂಡನ್ ಮಾರುಕಟ್ಟೆಗೆ ಹೋಗ್ತಿತ್ತು. ಇತಿಹಾಸಕಾರರು ಇದನ್ನು ಮೊದಲ ಜಾಗತೀಕರಣ ಅಂತಾರೆ. 1914ರ ಮಹಾಯುದ್ಧ ಅದಕ್ಕೆ ಮೊದಲ ಪೆಟ್ಟು ಕೊಟ್ಟಿತು. ಎರಡನೇ ಪೆಟ್ಟು ಬಿದ್ದದ್ದು 1929ರ ಮಹಾ ಕುಸಿತದಲ್ಲಿ.

ಕುಸಿತ ಬಂದಾಗ ಪ್ರತಿ ದೇಶವೂ ಮಾಡಿದ್ದು ಒಂದೇ ಕೆಲಸ: ತನ್ನ ಬಾಗಿಲು ಹಾಕಿಕೊಂಡಿತು. 1930ರಲ್ಲಿ ಅಮೆರಿಕ ಸ್ಮೂಟ್–ಹಾಲಿ ಕಾಯ್ದೆ ತಂದು ಸಾವಿರಾರು ಸರಕುಗಳ ಮೇಲೆ ಆಮದು ಸುಂಕ ಏರಿಸಿತು. ಬೇರೆ ದೇಶಗಳು ತಿರುಗಿ ಸುಂಕ ಹಾಕಿದವು. 1932ರಲ್ಲಿ ಬ್ರಿಟನ್, ತನ್ನ ಸಾಮ್ರಾಜ್ಯದೊಳಗಿನ ವ್ಯಾಪಾರಕ್ಕೆ ರಿಯಾಯಿತಿ, ಹೊರಗಿನವರಿಗೆ ಗೋಡೆ ಅನ್ನೋ ನೀತಿ ಹಿಡಿಯಿತು. ಬೆಲೆ ಕುಸಿತ, ಬೇಡಿಕೆ ಕುಸಿತ, ಮೇಲೆ ಈ ಗೋಡೆಗಳು. 1929ರಿಂದ 1933ರೊಳಗೆ ವಿಶ್ವ ವ್ಯಾಪಾರದ ಡಾಲರ್ ಮೌಲ್ಯ ಮೂರನೇ ಒಂದು ಭಾಗಕ್ಕೆ ಬಂದು ನಿಂತಿತು.

ಕಾಫಿಯ ಕಥೆ ಏನಾಯ್ತು? ಜಗತ್ತಿನ ಅತಿ ದೊಡ್ಡ ಕಾಫಿ ದೇಶ ಬ್ರೆಜಿಲ್, ಬೆಲೆ ಹಿಡಿದು ನಿಲ್ಲಿಸೋಕೆ ಕಾಫಿಯನ್ನೇ ಸುಟ್ಟಿತು. ರೈಲು ಎಂಜಿನ್‌ಗೆ ಉರುವಲಾಗಿ ಹಾಕಿದ್ದೂ ಉಂಟು. 1931ರಿಂದ 1944ರವರೆಗೆ ಹೀಗೆ ನಾಶ ಮಾಡಿದ ಕಾಫಿ ಸುಮಾರು 7.8 ಕೋಟಿ ಮೂಟೆ, ಒಂದೊಂದೂ 60 ಕಿಲೋ.

ನಮ್ಮಲ್ಲಿ ಬೇರೆ ದಾರಿ ಹಿಡಿದರು. ಹೊರಗೆ ಕೊಳ್ಳುವವರಿಲ್ಲ ಅಂದ್ರೆ ಒಳಗೆ ಕುಡಿಯುವವರನ್ನು ಹುಟ್ಟಿಸೋಣ ಅಂತ. 1935ರಲ್ಲಿ ಕಾಫಿ ಮೇಲೆ ಒಂದು ಸೆಸ್ ಹಾಕಿ, ಆ ದುಡ್ಡಲ್ಲಿ ಪ್ರಚಾರ ಮಾಡೋಕೆ ಸಮಿತಿ ರಚನೆಯಾಯ್ತು. 1936ರಲ್ಲಿ ಮುಂಬೈನ ಚರ್ಚ್‌ಗೇಟ್‌ನಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆಯಿತು. ಆಮೇಲೆ ಊರೂರಲ್ಲಿ ತೆರೆದವು. ನಮ್ಮ ತಾತಂದಿರು ಕೂತು ರಾಜಕೀಯ, ಸಾಹಿತ್ಯ ಹರಟಿದ ಕಾಫಿ ಹೌಸ್ ಹುಟ್ಟಿದ್ದು ಹರಟೆಗಾಗಿ ಅಲ್ಲ, ಮಾರಾಟವಾಗದ ಬೀಜ ಖರ್ಚಾಗಲಿ ಅಂತ!

ಎರಡನೇ ಮಹಾಯುದ್ಧ ಶುರುವಾದ ಮೇಲೆ ಯುರೋಪಿನ ಮಾರುಕಟ್ಟೆ ಪೂರ್ತಿ ಕೈತಪ್ಪಿತು. 1940ರಲ್ಲಿ ಸುಗ್ರೀವಾಜ್ಞೆ, 1942ರಲ್ಲಿ ಕಾಫಿ ಕಾಯ್ದೆ. ಬೆಂಗಳೂರಿನಲ್ಲಿರುವ ಕಾಫಿ ಮಂಡಳಿ ಅಥವಾ ಕಾಫಿ ಬೋರ್ಡ್‌ಗೆ ಅಧಿಕಾರ ಬಂದದ್ದು ಹೀಗೆ. ವ್ಯವಸ್ಥೆ ಏನಂದ್ರೆ, ಬೆಳೆಗಾರ ತನ್ನ ಬೆಳೆಯನ್ನು ಮಂಡಳಿಯ ‘ಪೂಲ್’ಗೇ ಕೊಡಬೇಕು. ಮಂಡಳಿ ಮಾರಿ, ಕಂತುಕಂತಾಗಿ ಹಣ ಕೊಡುತ್ತೆ. ಹಣ ತಡವಾಗುತ್ತೆ ಅಂತ ಬೆಳೆಗಾರರು ಗೊಣಗ್ತಿದ್ದರು, ಅದೂ ನಿಜ. ಆದರೆ ಲಂಡನ್‌ನಲ್ಲಿ ಬೆಲೆ ಬಿದ್ದ ದಿನವೇ ತೋಟದವನ ಎದೆ ಒಡೆಯುತ್ತಿರಲಿಲ್ಲ. ಯುದ್ಧಕಾಲದ ತಾತ್ಕಾಲಿಕ ಏರ್ಪಾಡು ಐವತ್ತು ವರ್ಷಕ್ಕೂ ಹೆಚ್ಚು ಕಾಲ ನಡೀತು.

ಬರ್ಮಾದ ಅಕ್ಕಿ ಬರಲಿಲ್ಲ

ಈಗ ರವಾ ಇಡ್ಲಿ. ಮಾರ್ಚ್ 1942. ಜಪಾನಿನ ಸೇನೆ ರಂಗೂನನ್ನು ಹಿಡಿಯಿತು. ಬರ್ಮಾ ಆಗ ಜಗತ್ತಿನಲ್ಲೇ ಅತಿ ಹೆಚ್ಚು ಅಕ್ಕಿ ರಫ್ತು ಮಾಡ್ತಿದ್ದ ದೇಶ. ಭಾರತಕ್ಕೆ ಅಲ್ಲಿಂದ ವರ್ಷಕ್ಕೆ ಹತ್ತು ಲಕ್ಷ ಟನ್‌ಗೂ ಹೆಚ್ಚು ಅಕ್ಕಿ ಬರ್ತಿತ್ತು. ಅದು ಒಮ್ಮೆಲೇ ನಿಂತುಹೋಯ್ತು.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್, ನಮ್ಮೆಲ್ಲರ ಬಾಯಲ್ಲಿ ಎಂಟಿಆರ್, ಉಡುಪಿ ಕಡೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ ಹೋಟೆಲ್. ಯುದ್ಧದ ಹೊತ್ತಲ್ಲಿ ಅಕ್ಕಿಗೆ ಕೊರತೆ ಬಂದಾಗ ಇಡ್ಲಿಗೆ ಅಕ್ಕಿಯ ಬದಲು ಗೋಧಿ ರವೆ ಹಾಕಿ ನೋಡಿದೆವು, ರವಾ ಇಡ್ಲಿ ಹುಟ್ಟಿದ್ದು ಹಾಗೆ ಅಂತ ಆ ಹೋಟೆಲಿನವರು ಹೇಳ್ತಾರೆ. ರವೆ ಹುರಿದು, ಮೊಸರಲ್ಲಿ ಕಲಸಿ, ಒಗ್ಗರಣೆ ಕೊಟ್ಟು ಹಬೆಯಲ್ಲಿ ಬೇಯಿಸಿದರೆ ಮುಗೀತು. ರುಬ್ಬೋದು ಬೇಡ, ರಾತ್ರಿಯಿಡೀ ಹುದುಗೋಕೆ ಬಿಡೋದೂ ಬೇಡ.

ಸೊಗಸಾದ ಕಥೆ. ಯೂಟ್ಯೂಬ್‌ನಲ್ಲಿ, ರೀಲ್ಸ್‌ನಲ್ಲಿ ಎಲ್ಲರೂ ಇಲ್ಲಿಗೇ ನಿಲ್ಲಿಸ್ತಾರೆ: ಕಷ್ಟ ಬಂತು, ನಾವು ಹೊಸದು ಕಂಡುಹಿಡಿದೆವು, ಚಪ್ಪಾಳೆ. ಆದರೆ ಅದೇ ಅಕ್ಕಿಯ ಕಥೆಗೆ ಇನ್ನೊಂದು ಮುಖ ಇದೆ.

ರಂಗೂನ್ ಬಿದ್ದ ಮರುವರ್ಷ, 1943ರಲ್ಲಿ, ಬಂಗಾಳದಲ್ಲಿ ಕ್ಷಾಮ ಬಂತು. ಹಸಿವು ಮತ್ತು ಅದರ ಬೆನ್ನಿಗೆ ಬಂದ ರೋಗಗಳಿಂದ ಸತ್ತವರು ಸುಮಾರು 30 ಲಕ್ಷ ಅಂತ ಅಂದಾಜು. ಬರ್ಮಾದ ಅಕ್ಕಿ ನಿಂತದ್ದೊಂದೇ ಕಾರಣ ಅಲ್ಲ. 1942ರ ಅಕ್ಟೋಬರಿನಲ್ಲಿ ಚಂಡಮಾರುತ ಬಡಿದಿತ್ತು. ಜಪಾನಿಗಳ ಕೈಗೆ ಸಿಗಬಾರದು ಅಂತ ಬ್ರಿಟಿಷ್ ಸರ್ಕಾರ ಕರಾವಳಿಯ ದೋಣಿಗಳನ್ನು, ಅಕ್ಕಿ ದಾಸ್ತಾನನ್ನು ವಶಪಡಿಸಿಕೊಂಡಿತ್ತು. ಯುದ್ಧದ ಖರ್ಚಿಗೆ ಹಣದುಬ್ಬರ ಏರಿತ್ತು. ಪ್ರಾಂತ್ಯಗಳು ಒಂದಕ್ಕೊಂದು ಧಾನ್ಯ ಕಳಿಸೋದನ್ನು ನಿಲ್ಲಿಸಿದ್ದವು. ಅಂದ್ರೆ ದೇಶದೊಳಗೂ ಬಾಗಿಲುಗಳು ಮುಚ್ಚಿದ್ದವು.

ಇಲ್ಲಿ ಗಮನಿಸಬೇಕಾದ ವಿಷಯ ಒಂದಿದೆ. ದೇಶದ ಒಟ್ಟು ಅಕ್ಕಿಯಲ್ಲಿ ಬರ್ಮಾದ ಪಾಲು ಸಣ್ಣದು. ಆದರೂ ಪೂರೈಕೆ ನಿಲ್ಲುತ್ತೆ ಅನ್ನೋ ಭಯವೇ ಬೆಲೆಯನ್ನು ಎತ್ತಿಬಿಡುತ್ತೆ. ಅಮರ್ತ್ಯ ಸೇನ್ 1981ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ವಾದಿಸಿದ್ದೂ ಇದರ ಸುತ್ತಲೇ: ಬಂಗಾಳದಲ್ಲಿ ಜನ ಸತ್ತದ್ದು ಆಹಾರ ಇಲ್ಲವೇ ಇಲ್ಲ ಅಂತಲ್ಲ, ಇರುವ ಆಹಾರವನ್ನು ಕೊಳ್ಳುವ ಶಕ್ತಿ ಅವರಿಗೆ ಇರಲಿಲ್ಲ ಅಂತ. ಮೊದಲು ಸತ್ತವರು ಭೂಮಿ ಇಲ್ಲದ ಕೂಲಿಗಳು, ಮೀನುಗಾರರು. ನಗರದಲ್ಲಿ ಸಂಬಳ ಇದ್ದವರಿಗೆ ಅಕ್ಕಿ ಸಿಕ್ಕಿತು.

ಒಂದೇ ಬಂದರು, ಒಂದೇ ಮಾರ್ಚ್ ತಿಂಗಳು. ಒಂದು ಕಡೆ ರವಾ ಇಡ್ಲಿ, ಇನ್ನೊಂದು ಕಡೆ ಹೆಣ. ನಡುವಿನ ವ್ಯತ್ಯಾಸ ಬುದ್ಧಿವಂತಿಕೆಯದ್ದಲ್ಲ. ಹೋಟೆಲಿನವರ ಹತ್ತಿರ ರವೆ ಕೊಳ್ಳೋಕೆ ದುಡ್ಡಿತ್ತು, ಅಷ್ಟೇ.

ಆ ಯುದ್ಧಕಾಲದಲ್ಲೇ ನಗರಗಳಿಗೆ ಬಂದದ್ದು ರೇಷನ್ ವ್ಯವಸ್ಥೆ. ತಲೆಗೆ ಇಷ್ಟು ಧಾನ್ಯ, ನಿಗದಿ ಬೆಲೆಗೆ. ನಮ್ಮ ಮನೆಗಳ ರೇಷನ್ ಕಾರ್ಡ್‌ನ ಬೇರು ಇರೋದು ಅಲ್ಲಿ. ಕಾಫಿ ಬೆಳೆಗಾರನಿಗೆ ಪೂಲ್ ಹೇಗೋ, ತಿನ್ನುವವನಿಗೆ ರೇಷನ್ ಅಂಗಡಿ ಹಾಗೆ. ಎರಡೂ ಮುಚ್ಚಿದ ಬಾಗಿಲಿನ ಹಿಂದೆ ಹುಟ್ಟಿದ ಆಸರೆಗಳು.

ಬಾಗಿಲು ತೆರೆದ ಕಾಲ

ಸರಿ, ಬಾಗಿಲು ತೆರೆದಾಗ ಏನಾಯ್ತು? ಅದನ್ನೂ ನೋಡಬೇಕು. ಇಲ್ಲದಿದ್ದರೆ ಹಳೇದೆಲ್ಲ ಚೆನ್ನಾಗಿತ್ತು ಅಂದ ಹಾಗಾಗುತ್ತೆ.

1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿಯಿತು. 1991ರಲ್ಲಿ ನಮ್ಮ ಕಾಫಿಯ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟವೇ ಇಲ್ಲವಾಯ್ತು. ಅದೇ ವರ್ಷ ಭಾರತ ಉದಾರೀಕರಣದ ದಾರಿ ಹಿಡಿಯಿತು. 1992ರಿಂದ ಪೂಲ್ ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ಯಾರಿಗೆ ಬೇಕಾದರೂ ಮಾರುವ ಸ್ವಾತಂತ್ರ್ಯ ಪಡೆದ. 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಗಗನಕ್ಕೇರಿತ್ತು. ಮಲೆನಾಡಿನ ತೋಟಗಳಲ್ಲಿ ಅದು ಸುಗ್ಗಿಯ ಕಾಲ. 1996ರಲ್ಲೇ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ಶುರುವಾಯ್ತು, ಕಾಫಿ ಜೊತೆ ಇಂಟರ್ನೆಟ್ ಕೊಡುವ ಜಾಗ.

ಆದರೆ ಐದೇ ವರ್ಷ. ವಿಯೆಟ್ನಾಂ ಅಪಾರ ಪ್ರಮಾಣದಲ್ಲಿ ಕಾಫಿ ಬೆಳೆದು ಮಾರುಕಟ್ಟೆಗೆ ಸುರಿಯಿತು. 2001ರ ಸುಮಾರಿಗೆ ಬೆಲೆ ಪಾತಾಳ ಕಂಡಿತು. ಈ ಸಲ ಪೆಟ್ಟು ತಡೆಯೋಕೆ ಪೂಲ್ ಇರಲಿಲ್ಲ. ಕೊಡಗು, ಚಿಕ್ಕಮಗಳೂರು, ಹಾಸನದ ಸಣ್ಣ ಬೆಳೆಗಾರರು ಸಾಲಕ್ಕೆ ಸಿಕ್ಕಿಕೊಂಡರು.

ಸೂರ್ಯಕಾಂತಿಯದ್ದು ಇನ್ನೊಂದು ಪಾಠ. 1990ರ ದಶಕದ ಆರಂಭದಲ್ಲಿ ದೇಶದಲ್ಲಿ 20 ಲಕ್ಷ ಹೆಕ್ಟೇರ್‌ಗೂ ಹೆಚ್ಚು ಜಾಗದಲ್ಲಿ ಸೂರ್ಯಕಾಂತಿ ಇತ್ತು. ಅದರಲ್ಲಿ ಕರ್ನಾಟಕವೇ ಮುಂದೆ. ಹೊರಗಿನಿಂದ ಅಗ್ಗದ ಖಾದ್ಯ ತೈಲ ಬರೋಕೆ ಶುರುವಾದ ಮೇಲೆ ರೈತರಿಗೆ ಅದು ಗಿಟ್ಟಲಿಲ್ಲ. 2020ರ ಹೊತ್ತಿಗೆ ಉಳಿದದ್ದು ಕೆಲವೇ ಲಕ್ಷ ಹೆಕ್ಟೇರ್. ಪೇಟೆಯ ನಮಗೆ ಎಣ್ಣೆ ಅಗ್ಗವಾಗಿ ಸಿಕ್ಕಿತು, ಹೊಲದಿಂದ ಬೆಳೆ ಹೋಯ್ತು. ಎರಡೂ ಒಂದೇ ನಾಣ್ಯ.

ಮತ್ತೆ ನಿಧಾನ

ಈಗ ನಮ್ಮ ಕಾಲ. 2018ರಿಂದ ಅಮೆರಿಕ–ಚೀನಾ ಸುಂಕ ಸಮರ. 2020ರಲ್ಲಿ ಕೋವಿಡ್. 2021ರ ಮಾರ್ಚ್‌ನಲ್ಲಿ ‘ಎವರ್ ಗಿವನ್’ ಅನ್ನೋ ಒಂದೇ ಹಡಗು ಅಡ್ಡಡ್ಡ ಸಿಕ್ಕಿಕೊಂಡು ಸೂಯೆಜ್ ಕಾಲುವೆ ಆರು ದಿನ ಬಂದ್. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ. ನಾವು ತರಿಸಿಕೊಳ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಸಿಂಹಪಾಲು ಉಕ್ರೇನ್‌ನದ್ದು. ಅದೇ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನೂ ಕೆಲವು ವಾರ ನಿಲ್ಲಿಸಿತು. ಕಪ್ಪು ಸಮುದ್ರದ ಬಂದರು ಮುಚ್ಚಿದ್ದು ನಮ್ಮ ಅಡುಗೆಮನೆಯ ಒಗ್ಗರಣೆ ಸೌಟಿಗೆ ತಟ್ಟಿತು. ಹೊಲದ ಸೂರ್ಯಕಾಂತಿ ಅಷ್ಟರಲ್ಲಿ ಇರಲೇ ಇಲ್ಲ.

ಇನ್ನು 2023ರ ಬೇಸಿಗೆ ಮುಗಿದ ಮೇಲಿನ ಎರಡು ತಿಂಗಳನ್ನು ನೋಡಿ. ಇದು ಬರೀ ಅಕ್ಕಿಯ ಕಥೆ.

ಜೂನ್‌ನಲ್ಲಿ ಕೇಂದ್ರ ಸರ್ಕಾರ, ತನ್ನ ದಾಸ್ತಾನಿನ ಅಕ್ಕಿಯನ್ನು ಮುಕ್ತ ಮಾರುಕಟ್ಟೆ ಯೋಜನೆಯಡಿ ರಾಜ್ಯಗಳಿಗೆ ಮಾರೋದನ್ನು ನಿಲ್ಲಿಸಿತು. ಅನ್ನಭಾಗ್ಯದಡಿ ತಲೆಗೆ ಹೆಚ್ಚುವರಿ 5 ಕಿಲೋ ಅಕ್ಕಿ ಕೊಡ್ತೀವಿ ಅಂದಿದ್ದ ಕರ್ನಾಟಕಕ್ಕೆ ಅಕ್ಕಿ ಹೊಂದಲಿಲ್ಲ. ಜುಲೈನಿಂದ ರಾಜ್ಯ ಅಕ್ಕಿ ಬದಲು ಕಿಲೋಗೆ 34 ರೂಪಾಯಿ ಲೆಕ್ಕದಲ್ಲಿ ತಲೆಗೆ 170 ರೂಪಾಯಿ ಬ್ಯಾಂಕ್ ಖಾತೆಗೆ ಹಾಕೋಕೆ ಶುರು ಮಾಡಿತು. ಅದೇ ಜುಲೈ 20ಕ್ಕೆ ಕೇಂದ್ರ, ದೇಶದೊಳಗೆ ಬೆಲೆ ಏರಬಾರದು ಅಂತ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತು ನಿಷೇಧಿಸಿತು. ಸುದ್ದಿ ತಲುಪಿದ ಕೂಡಲೇ ಅಮೆರಿಕದ ಇಂಡಿಯನ್ ಸ್ಟೋರ್‌ಗಳಲ್ಲಿ ಸೋನಾ ಮಸೂರಿ ಮೂಟೆಗೆ ನೂಕುನುಗ್ಗಲು. ಒಬ್ಬರಿಗೆ ಇಷ್ಟೇ ಅಂತ ಕೆಲವು ಅಂಗಡಿಗಳು ಬೋರ್ಡ್ ಹಾಕಿದವು. ಆ ವಿಡಿಯೋಗಳು ನಮ್ಮ ಫ್ಯಾಮಿಲಿ ಗ್ರೂಪ್‌ಗಳಿಗೂ ಬಂದಿದ್ದವು. ನಾವು ನಕ್ಕಿದ್ದೆವು.

ಆದರೆ ಭಾರತ ಆಗ ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ 40 ಪಾಲು ಹೊಂದಿದ್ದ ದೇಶ. ನಮ್ಮ ಅಕ್ಕಿಯನ್ನೇ ನಂಬಿದ್ದ ಪಶ್ಚಿಮ ಆಫ್ರಿಕಾದ ಬಡ ದೇಶಗಳಿದ್ದವು. ಅಲ್ಲಿನ ಕೂಲಿಯವನಿಗೆ ಅದು ನಗುವ ವಿಷಯ ಆಗಿರಲಿಲ್ಲ. 1942ರಲ್ಲಿ ಬರ್ಮಾದ ಬಾಗಿಲು ನಮಗೆ ಮುಚ್ಚಿತ್ತು. 2023ರಲ್ಲಿ ಬಾಗಿಲು ಮುಚ್ಚಿದವರು ನಾವೇ. ನಿಷೇಧ ತೆಗೆದದ್ದು 2024ರ ಸೆಪ್ಟೆಂಬರ್‌ನಲ್ಲಿ.

ಮುಚ್ಚೋದು ತಪ್ಪು ಅಂತ ಸುಲಭವಾಗಿ ಹೇಳೋಕಾಗಲ್ಲ. ತನ್ನ ಜನರ ಊಟ ಮೊದಲು ಅನ್ನೋದು ಯಾವ ಸರ್ಕಾರಕ್ಕೂ ಸಹಜ. ಕೆಲವು ಗೋಡೆಗಳಿಂದ ಲಾಭವೂ ಆಗಿದೆ. ನೀವು ಇದನ್ನು ಕೇಳ್ತಿರುವ ಫೋನನ್ನೇ ತಗೊಳ್ಳಿ. 2018ರಲ್ಲಿ ಭಾರತ ಹೊರಗಿನಿಂದ ಬರುವ ಮೊಬೈಲ್ ಫೋನ್‌ಗಳ ಮೇಲೆ ಶೇ 20 ಸುಂಕ ಹಾಕಿತು. ಇತ್ತ ಚೀನಾದಾಚೆಗೂ ಕಾರ್ಖಾನೆ ಬೇಕು ಅಂತ ಕಂಪನಿಗಳು ಹುಡುಕ್ತಿದ್ದವು. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನ್ ಜೋಡಣೆಯಾಗೋದು ಈ ಎರಡರ ಫಲ. ಸಾವಿರಾರು ಹುಡುಗ–ಹುಡುಗಿಯರಿಗೆ ಕೆಲಸ ಸಿಕ್ಕಿದೆ. ಹೊರಗಿನಿಂದ ಬರುವ ಫೋನಿನ ಬೆಲೆಯಲ್ಲಿ ಆ ಸುಂಕ ಸೇರಿದ್ದೂ ನಿಜ. 2024ರಲ್ಲಿ ಅದನ್ನು ಶೇ 15ಕ್ಕೆ ಇಳಿಸಲಾಯಿತು.

ಕಾಫಿಯ ಕಥೆಯೂ ಮುಂದುವರಿದಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯೋದು ಕರ್ನಾಟಕ. ಹೆಚ್ಚಿನ ಪಾಲು ರಫ್ತಾಗುತ್ತೆ, ಅದರಲ್ಲೂ ಇಟಲಿ ದೊಡ್ಡ ಗಿರಾಕಿ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾಗಿ, ಯುರೋಪಿಗೆ ಹೋಗುವ ಮೂಟೆಗಳು ಆಫ್ರಿಕಾ ಸುತ್ತಿ ಹೋಗಬೇಕಾಯ್ತು. ಅಂದ್ರೆ 1869ಕ್ಕಿಂತ ಹಿಂದಿನ ದಾರಿ! ವಿಯೆಟ್ನಾಂ, ಬ್ರೆಜಿಲ್‌ನಲ್ಲಿ ಹವಾಮಾನ ಕೈಕೊಟ್ಟು ಲಂಡನ್‌ನಲ್ಲಿ ರೋಬಸ್ಟಾ ಬೆಲೆ ದಾಖಲೆ ಮುಟ್ಟಿತು. 2025ರಲ್ಲಿ ನಮ್ಮ ಹೋಟೆಲ್‌ಗಳಲ್ಲಿ ಕಾಫಿ ದರ ಏರಿದ್ದು ಹೀಗೆ. ಈ ಸಲ ಬೆಳೆಗಾರನಿಗೆ ಸುಗ್ಗಿ, ಕುಡಿಯುವವನಿಗೆ ಬರೆ. ಜೊತೆಗೆ ಯುರೋಪ್ 2023ರಲ್ಲಿ ಒಂದು ಕಾನೂನು ಮಾಡಿದೆ. ಕಾಡು ಕಡಿದು ಬೆಳೆದದ್ದಲ್ಲ ಅಂತ ಸಾಬೀತು ಮಾಡೋಕೆ ಕಾಫಿ ಬೆಳೆದ ಜಾಗದ ನಕ್ಷೆಯ ಗುರುತು ಬೇಕು. ಜಾರಿಯ ದಿನಾಂಕ ಮುಂದಕ್ಕೆ ಹೋಗ್ತಾ ಇದೆ, ಆದರೆ ಬರೋದಂತೂ ಹೌದು. ದೊಡ್ಡ ಎಸ್ಟೇಟಿಗೆ ಇದು ಒಬ್ಬ ಗುಮಾಸ್ತನ ಕೆಲಸ. ಎರಡು ಎಕರೆಯವನಿಗೆ ಯಾರು ಮಾಡಿಕೊಡ್ತಾರೆ?

ಆ ಪ್ರಶ್ನೆಯೇ ಇಡೀ ಸಂಚಿಕೆಯ ಸಾರ. ಸುಂಕ ಏರಿತು, ರಫ್ತು ನಿಂತಿತು, ‘ಸ್ವಾವಲಂಬನೆ’ ಬಂತು ಅಂತ ಸುದ್ದಿ ಬಂದಾಗ ನಾವು ಪರ–ವಿರೋಧ ಅಂತ ಎರಡು ಗುಂಪಾಗ್ತೀವಿ. 2025ರ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಹಲವು ಸರಕುಗಳ ಮೇಲೆ ಶೇ 50 ಸುಂಕ ಹಾಕಿದಾಗಲೂ ಅದೇ ಆಯ್ತು. ಬಾಗಿಲು ತೆರೆದಿರಬೇಕಾ, ಮುಚ್ಚಬೇಕಾ ಅನ್ನೋ ಜಗಳ ನೆಪೋಲಿಯನ್ ಕಾಲದಿಂದ ನಡೀತಾ ಇದೆ, ಇನ್ನೂ ಮುಗಿದಿಲ್ಲ. ಇತಿಹಾಸ ಕೇಳೋದು ಇನ್ನೊಂದು ಪ್ರಶ್ನೆ: ಬಾಗಿಲು ಬಡಿದುಕೊಂಡ ದಿನ ಯಾರ ಬೆರಳು ಸಂದಿಯಲ್ಲಿದೆ? ಅವರಿಗೆ ಪೂಲ್ ಇದೆಯಾ, ರೇಷನ್ ಅಂಗಡಿ ಇದೆಯಾ, ಸಂಬಳ ಇದೆಯಾ?

1935ರಲ್ಲಿ, 1942ರಲ್ಲಿ ಆ ಪ್ರಶ್ನೆಗೆ ಸಿಕ್ಕ ಅರೆಬರೆ ಉತ್ತರಗಳ ಮೇಲೆಯೇ ನಮ್ಮ ಹಿಂದಿನ ಎರಡು ತಲೆಮಾರು ಬದುಕಿದವು. ಅವುಗಳಲ್ಲಿ ಒಂದನ್ನು ನಾವು 1996ರ ಹೊತ್ತಿಗೆ ಮಡಚಿಟ್ಟೆವು. ಇನ್ನೊಂದು ನಿಮ್ಮ ಬೀದಿಯ ಕೊನೆಯ ನ್ಯಾಯಬೆಲೆ ಅಂಗಡಿಯಲ್ಲಿ ಇನ್ನೂ ನಡೀತಿದೆ. ಮುಂದಿನ ಸಲ ಆ ಸಾಲು ಕಂಡಾಗ, ಅದು ಎಲ್ಲಿಂದ ಶುರುವಾಯ್ತು ಅನ್ನೋದು ನೆನಪಿರಲಿ.